ಟರ್ನ್‌ಟೇಬಲ್ ಒಂದು ಮೂಲೆ, ಆಂಪ್ಲಿಫೈಯರ್ ಇನ್ನೊಂದು ಮೂಲೆ: ನಡುವಿನ ಕೇಬಲ್ ಎಷ್ಟು ಉದ್ದ ಇರಬಹುದು?

ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ವರೆಗೆ ಎಂಟು ಮೀಟರ್ ಕೇಬಲ್ ಎಳೆಯಬಹುದೇ? ‘ಧಾರಾಳವಾಗಿ ಎಳೆಯಿರಿ’ ಎಂಬುದೂ ಸರಿಯುತ್ತರ, ‘ಖಂಡಿತ ಬೇಡ’ ಎಂಬುದೂ ಸರಿಯುತ್ತರ. ನಿಮ್ಮ ಮನೆಗೆ ಯಾವುದು ಅನ್ವಯಿಸುತ್ತದೆ ಎಂದು ತಿಳಿಯಲು ಕೇಬಲ್‌ನ ಬೆಲೆ, ಪ್ಲಗ್ಗಿನ ಮೇಲಿನ ಚಿನ್ನದ ಲೇಪ ಇವನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಸಂಗತಿ ನೋಡಿದರೆ ಸಾಕು: ಫೋನೋ ಪ್ರಿಆಂಪ್ ಎಂಬ ಸಣ್ಣ ಸರ್ಕ್ಯೂಟ್ ಆ ಕೇಬಲ್‌ನ ಯಾವ ತುದಿಯಲ್ಲಿದೆ?

ಟರ್ನ್‌ಟೇಬಲ್, ಆಂಪ್ಲಿಫೈಯರ್ ಎರಡನ್ನೂ ದೂರ ದೂರ ಇಡಬೇಕೆನ್ನುವವರ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಸ್ಪೀಕರ್‌ನ ಅದುರು ಟರ್ನ್‌ಟೇಬಲ್‌ಗೆ ತಗುಲಿದರೆ ಅದನ್ನು ಸೂಜಿ ಸಂಗೀತವೆಂದೇ ತಿಳಿದು ಮತ್ತೆ ಆಂಪ್ಲಿಫೈಯರ್‌ಗೆ ಕಳಿಸುತ್ತದೆ. ವಾಲ್ಯೂಮ್ ಏರಿಸಿದಾಗ ಕೋಣೆ ತುಂಬ ಮಂದ್ರದ ಹೂಂಕಾರ ಏಳುವುದು ಹೀಗೆಯೇ. ಆಂಪ್ಲಿಫೈಯರ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಕೂಡ ಕಾರ್ಟ್ರಿಜ್‌ಗೆ, ಅಂದರೆ ಸೂಜಿಯನ್ನು ಹಿಡಿದಿರುವ ಪುಟ್ಟ ಡಬ್ಬಿಗೆ, ಒಳ್ಳೆಯ ನೆರೆಯವನಲ್ಲ. ಅದರ ಕಾಂತಕ್ಷೇತ್ರ ಕಾರ್ಟ್ರಿಜ್‌ನ ಸುರುಳಿಗಳಲ್ಲಿ ಗುಂಯ್‌ಗುಡುವಿಕೆಯನ್ನು ಹುಟ್ಟಿಸುತ್ತದೆ. ಮರದ ನೆಲದ ಮನೆಗಳಲ್ಲಿ ಯಾರಾದರೂ ನಡೆದಾಡಿದರೆ ಸೂಜಿ ಹಾರುವುದುಂಟು, ಹಾಗಾಗಿ ಟರ್ನ್‌ಟೇಬಲ್ ಅನ್ನು ಗೋಡೆಗೆ ಬಡಿದ ಹಲಗೆಯ ಮೇಲಿಡುವುದು ಯುರೋಪು, ಅಮೆರಿಕಗಳಲ್ಲಿ ವಾಡಿಕೆ. ನಮ್ಮ ಕಾಂಕ್ರೀಟು ನೆಲಗಳಲ್ಲಿ ಆ ಕಾಟ ಕಡಿಮೆ. ಮಲೆನಾಡಿನ ಹಳೆಯ ಮನೆಯ ಹಲಗೆ ಹಾಸಿದ ಮಹಡಿಯಲ್ಲಿ ರೆಕಾರ್ಡ್ ಹಾಕುವವರಿಗೆ ಮಾತ್ರ ಇದು ಚೆನ್ನಾಗಿ ಗೊತ್ತಿರುತ್ತದೆ.

ಈಗ ಕೇಬಲ್‌ನೊಳಗೆ ಹರಿಯುವುದೇನು ಎಂದು ನೋಡೋಣ. ಇಂದು ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಸೂಜಿಯ ಕಡ್ಡಿಯ ಹಿಂತುದಿಗೆ ಒಂದು ಪುಟ್ಟ ಅಯಸ್ಕಾಂತವಿದೆ. ರೆಕಾರ್ಡಿನ ಗೀರಿನಲ್ಲಿ ಸೂಜಿ ಅಲುಗಿದಂತೆ ಅಯಸ್ಕಾಂತವೂ ಅಲುಗುತ್ತದೆ, ಪಕ್ಕದ ತಂತಿಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಎಷ್ಟು? ಆರ್ಟೋಫೋನ್ ಕಂಪನಿಯ 2ಎಂ ರೆಡ್ ಕಾರ್ಟ್ರಿಜ್‌ನಲ್ಲಿ 5.5 ಮಿಲಿವೋಲ್ಟ್, ಆಡಿಯೋ-ಟೆಕ್ನಿಕಾದ ವಿಎಂ95ಇ ಮಾದರಿಯಲ್ಲಿ 4 ಮಿಲಿವೋಲ್ಟ್. ಅಯಸ್ಕಾಂತದ ಬದಲು ಸುರುಳಿಯೇ ಅಲುಗುವ ಮೂವಿಂಗ್ ಕಾಯಿಲ್ ಜಾತಿಯವು ಇನ್ನೂ ಸಂಕೋಚದವು. 1960ರ ದಶಕದಿಂದ ಜಪಾನಿನ ಪ್ರಸಾರ ನಿಲಯಗಳಲ್ಲಿ ದುಡಿದು ಹೆಸರಾದ ಡೆನಾನ್ ಡಿಎಲ್-103 ಕೊಡುವುದು 0.3 ಮಿಲಿವೋಲ್ಟ್ ಮಾತ್ರ. ಸಿಡಿ ಪ್ಲೇಯರ್ ಒಂದು 2 ವೋಲ್ಟ್‌ವರೆಗೆ ಕೊಡುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟರೆ ಅಂತರ ಎಷ್ಟೆಂದು ಗೊತ್ತಾಗುತ್ತದೆ. ಹಾಗಾಗಿ ಕಾರ್ಟ್ರಿಜ್‌ನ ಸಂಕೇತವನ್ನು ಮೊದಲು ಸುಮಾರು ನೂರು ಪಟ್ಟು ಹಿಗ್ಗಿಸಿ ಆಮೇಲೆ ಸಾಮಾನ್ಯ ಆಂಪ್ಲಿಫೈಯರ್‌ಗೆ ಕೊಡಬೇಕು. ಮೂವಿಂಗ್ ಕಾಯಿಲ್ ಆದರೆ ಸಾವಿರ ಪಟ್ಟು. ಈ ಕೆಲಸ ಮಾಡುವುದೇ ಫೋನೋ ಪ್ರಿಆಂಪ್. ಹಳೆಯ ಆಂಪ್ಲಿಫೈಯರ್‌ಗಳ ಬೆನ್ನಿನಲ್ಲಿ ‘ಫೋನೋ’ ಎಂದು ಬರೆದ ಜೋಡಿ ತೂತುಗಳ ಹಿಂದೆ ಇದು ಅಡಗಿರುತ್ತದೆ.

ಹಿಗ್ಗಿಸುವುದಷ್ಟೇ ಆಗಿದ್ದರೆ ಕತೆ ಸರಳವಿತ್ತು. ರೆಕಾರ್ಡ್ ಕೊರೆಯುವಾಗ ಮಂದ್ರ ಸ್ವರಗಳನ್ನು ಬೇಕೆಂದೇ ತಗ್ಗಿಸಿ ಕೊರೆಯುತ್ತಾರೆ. ಇಲ್ಲದಿದ್ದರೆ ಗೀರು ಅಷ್ಟಗಲ ಓಲಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ. ತಾರ ಸ್ವರಗಳನ್ನು ಏರಿಸಿ ಕೊರೆಯುತ್ತಾರೆ, ನುಡಿಸುವಾಗ ಅವನ್ನು ತಗ್ಗಿಸಿದರೆ ಜೊತೆಗೆ ರೆಕಾರ್ಡಿನ ಮೇಲ್ಮೈಯ ಚರಚರ ಸದ್ದೂ ತಗ್ಗಲಿ ಎಂದು. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದಕ್ಕೆ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘ 1954ರಲ್ಲಿ ಒಂದು ಮಾನದಂಡ ಹಾಕಿತು, ಜಗತ್ತು ಅದನ್ನೇ ಒಪ್ಪಿಕೊಂಡಿತು. ಅದರ ಹೆಸರು ಆರ್‌ಐಎಎ ಕರ್ವ್. ನುಡಿಸುವಾಗ ಫೋನೋ ಪ್ರಿಆಂಪ್ ಇದನ್ನು ತಿರುಗುಮುರುಗು ಮಾಡಬೇಕು: ಮಂದ್ರವನ್ನು ಏರಿಸಬೇಕು, ತಾರವನ್ನು ಇಳಿಸಬೇಕು.

ಉದ್ದನೆಯ ಕೇಬಲ್‌ಗೆ ಮೊದಲ ಪೆಟ್ಟು ಬೀಳುವುದು ಇಲ್ಲಿ. ನಮ್ಮ ಮನೆಯ ಕರೆಂಟಿನ ಆವರ್ತನ 50 ಹರ್ಟ್ಸ್. ಗೋಡೆಯೊಳಗಿನ ವೈರು, ಫ್ಯಾನಿನ ರೆಗ್ಯುಲೇಟರು, ಮೊಬೈಲ್ ಚಾರ್ಜರು ಎಲ್ಲವೂ ಈ 50 ಹರ್ಟ್ಸ್‌ನ ಗುಂಗನ್ನು ಸುತ್ತ ಚೆಲ್ಲುತ್ತಿರುತ್ತವೆ. ಆರ್‌ಐಎಎ ಲೆಕ್ಕದಲ್ಲಿ 50 ಹರ್ಟ್ಸ್‌ನ ಸದ್ದು 1000 ಹರ್ಟ್ಸ್‌ನ ಸದ್ದಿಗಿಂತ ಏಳು ಪಟ್ಟು ಹೆಚ್ಚು ಹಿಗ್ಗುತ್ತದೆ. ಅಂದರೆ ಸಂಗೀತದ ನಡುಭಾಗ ನೂರು ಪಟ್ಟು ದೊಡ್ಡದಾದರೆ ಕರೆಂಟಿನ ಗುಂಗು ಏಳುನೂರು ಪಟ್ಟು ದೊಡ್ಡದಾಗುತ್ತದೆ.

ಲೆಕ್ಕ ಹಾಕಿಯೇ ನೋಡಿ. ಉದ್ದನೆಯ ಕೇಬಲ್ ದಾರಿಯಲ್ಲಿ 10 ಮೈಕ್ರೋವೋಲ್ಟ್‌ನಷ್ಟು ಗುಂಗನ್ನು ಹೆಕ್ಕಿಕೊಂಡಿತು ಎಂದಿಟ್ಟುಕೊಳ್ಳೋಣ. ಒಂದು ವೋಲ್ಟ್‌ನ ಲಕ್ಷದಲ್ಲೊಂದು ಪಾಲು ಅದು. ಪ್ರಿಆಂಪ್ ಆಂಪ್ಲಿಫೈಯರ್ ಬದಿಯಲ್ಲಿದ್ದರೆ ಈ ಗುಂಗು ಹಿಗ್ಗಿ 7 ಮಿಲಿವೋಲ್ಟ್ ಆಗುತ್ತದೆ, 5 ಮಿಲಿವೋಲ್ಟ್‌ನ ಸಂಗೀತ ಹಿಗ್ಗಿ 500 ಮಿಲಿವೋಲ್ಟ್ ಆಗುತ್ತದೆ. ಸಂಗೀತ ಗುಂಗಿಗಿಂತ ಎಪ್ಪತ್ತು ಪಟ್ಟು ಮಾತ್ರ ದೊಡ್ಡದು. ಆಲಾಪನೆಯ ನಡುವೆ ಗಾಯಕರು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ. ಪ್ರಿಆಂಪ್ ಟರ್ನ್‌ಟೇಬಲ್ ಬದಿಯಲ್ಲಿದ್ದರೆ ಕೇಬಲ್‌ನಲ್ಲಿ ಹರಿಯುವುದೇ 500 ಮಿಲಿವೋಲ್ಟ್‌ನ ಸಂಗೀತ. ಅದೇ 10 ಮೈಕ್ರೋವೋಲ್ಟ್ ಬಂದು ಸೇರಿಕೊಂಡರೂ ಸಂಗೀತ ಅದಕ್ಕಿಂತ ಐವತ್ತು ಸಾವಿರ ಪಟ್ಟು ದೊಡ್ಡದು. ಕೇಬಲ್ ಅದೇ, ಗೋಡೆ ಅದೇ, ಗುಂಗೂ ಅದೇ. ಪ್ರಿಆಂಪ್ ಕೂತ ಜಾಗ ಮಾತ್ರ ಬೇರೆ.

ಗುಂಗು ಎಲ್ಲರಿಗೂ ಕೇಳುವ ತೊಂದರೆ, ಹಾಗಾಗಿ ಅದರ ಬಗ್ಗೆ ಮಾತು ಹೆಚ್ಚು. ಎರಡನೆಯ ತೊಂದರೆ ಸದ್ದಿಲ್ಲದೆ ಕೆಲಸ ಮಾಡುತ್ತದೆ, ನನ್ನ ಪ್ರಕಾರ ಅದೇ ಹೆಚ್ಚು ಕುತೂಹಲದ್ದು. ಅದು ಕೆಪ್ಯಾಸಿಟೆನ್ಸ್, ಪಠ್ಯಪುಸ್ತಕದ ಮಾತಿನಲ್ಲಿ ಧಾರಕತೆ.

ನಡುವೆ ಒಂದು ತಂತಿ, ಅದರ ಸುತ್ತ ಪ್ಲಾಸ್ಟಿಕ್ ಹೊದಿಕೆ, ಅದರ ಸುತ್ತ ತಾಮ್ರದ ಹೆಣಿಗೆ: ಆಡಿಯೋ ಕೇಬಲ್‌ನ ರಚನೆ ಇಷ್ಟೇ. ಎರಡು ಲೋಹಗಳ ನಡುವೆ ಒಂದು ನಿರೋಧಕವಿದ್ದರೆ ಅದನ್ನು ಕೆಪ್ಯಾಸಿಟರ್ ಎಂದೇ ಕರೆಯುತ್ತೇವೆ. ಹಾಗಾಗಿ ಕೇಬಲ್ ಉದ್ದಕ್ಕೂ ಚಾಚಿಕೊಂಡ ಒಂದು ಕೆಪ್ಯಾಸಿಟರ್. ಸಾಧಾರಣ ಆಡಿಯೋ ಕೇಬಲ್‌ನಲ್ಲಿ ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು ಇರುತ್ತದೆ; ಒಳ್ಳೆಯದರಲ್ಲಿ ಅದರ ಅರ್ಧ, ಕೆಟ್ಟದ್ದರಲ್ಲಿ ಒಂದೂವರೆ ಪಟ್ಟು. ಉದ್ದ ಹೆಚ್ಚಿದಂತೆ ಇದು ಕೂಡುತ್ತಾ ಹೋಗುತ್ತದೆ.

ಬೇರೆ ಉಪಕರಣಗಳಿಗೆ ಇದರಿಂದ ಏನೂ ಆಗುವುದಿಲ್ಲ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಆಗುತ್ತದೆ, ಏಕೆಂದರೆ ಅದರೊಳಗಿನ ಸುರುಳಿಯಲ್ಲಿ ಕೂದಲಿಗಿಂತ ತೆಳುವಾದ ತಂತಿಯ ಸಾವಿರಾರು ಸುತ್ತುಗಳಿವೆ. ಅಷ್ಟು ಸುತ್ತಿದರೆ ಇಂಡಕ್ಟೆನ್ಸ್, ಅಂದರೆ ವಿದ್ಯುತ್ತಿನ ಏರಿಳಿತಕ್ಕೆ ಸುರುಳಿ ಒಡ್ಡುವ ತಡೆ, ದೊಡ್ಡದಾಗುತ್ತದೆ: 2ಎಂ ರೆಡ್‌ನಲ್ಲಿ 700 ಮಿಲಿಹೆನ್ರಿ. ಇಂಡಕ್ಟೆನ್ಸ್ ಮತ್ತು ಕೆಪ್ಯಾಸಿಟೆನ್ಸ್ ಒಟ್ಟಿಗೆ ಸೇರಿದಲ್ಲಿ ಅನುರಣನ ತಪ್ಪದು. ಉಯ್ಯಾಲೆಗೆ ತನ್ನದೇ ಲಯವಿದ್ದು, ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಹೆಚ್ಚು ಜೀಕುವಂತೆ, ಈ ಜೋಡಿಯೂ ಒಂದು ಆವರ್ತನದ ಬಳಿ ಸದ್ದನ್ನು ಉಬ್ಬಿಸುತ್ತದೆ. ಅದಕ್ಕಿಂತ ಮೇಲಿನ ಸ್ವರಗಳು ಮಾತ್ರ ಕಡಿದಾಗಿ ಇಳಿಯುತ್ತವೆ.

ಕಾರ್ಟ್ರಿಜ್ ತಯಾರಿಸುವವರಿಗೆ ಇದು ಗೊತ್ತು. ಸೂಜಿಯ ಕಡ್ಡಿಗೆ ತನ್ನದೇ ಯಾಂತ್ರಿಕ ಅನುರಣನವಿದೆ. ಅದರ ಏರನ್ನು ಈ ವಿದ್ಯುತ್ ಅನುರಣನದ ಇಳಿತದಿಂದ ಸರಿದೂಗಿಸುವಂತೆ ಅವರು ಲೆಕ್ಕ ಹಾಕಿರುತ್ತಾರೆ. ಹಾಗಾಗಿಯೇ ಕಾರ್ಟ್ರಿಜ್ ಜೊತೆ ಬರುವ ಕಾಗದದಲ್ಲಿ ‘ಲೋಡ್ ಕೆಪ್ಯಾಸಿಟೆನ್ಸ್’ ಎಂಬ ಸಾಲು ಇರುತ್ತದೆ. 2ಎಂ ರೆಡ್‌ಗೆ 150ರಿಂದ 300 ಪಿಕೋಫ್ಯಾರಡ್, ವಿಎಂ95ಇಗೆ 100ರಿಂದ 200. ಯಾರೂ ಓದದ ಸಾಲು ಅದು.

ಈಗ ಕೂಡಿಸೋಣ. ಪ್ರಿಆಂಪ್‌ನ ಒಳಹರಿವಿನಲ್ಲೇ 150 ಪಿಕೋಫ್ಯಾರಡ್ ಇದೆ ಎನ್ನಿ, ಕಾರ್ಟ್ರಿಜ್ ಹೊತ್ತ ತೋಳಾದ ಟೋನ್‌ಆರ್ಮ್ ಒಳಗಿನ ತಂತಿಗಳದ್ದು ಒಂದು 30. ಇದಕ್ಕೆ ಒಂದು ಮೀಟರ್ ಕೇಬಲ್ ಸೇರಿದರೆ ಒಟ್ಟು 280. 2ಎಂ ರೆಡ್‌ನ ಮಿತಿಯೊಳಗಿದೆ, ಅನುರಣನ 11 ಕಿಲೋಹರ್ಟ್ಸ್ ದಾಟಿದ ಮೇಲೆ ಬರುತ್ತದೆ. ಐದು ಮೀಟರ್ ಕೇಬಲ್ ಹಾಕಿದರೆ ಒಟ್ಟು 680, ಅನುರಣನ ಸುಮಾರು 7.3 ಕಿಲೋಹರ್ಟ್ಸ್‌ಗೆ ಜಾರುತ್ತದೆ. ವಾಡಿಕೆಯ 47 ಕಿಲೋಓಮ್ ಲೋಡ್ (ಪ್ರಿಆಂಪ್‌ನ ಒಳಹರಿವಿನ ಪ್ರತಿರೋಧ) ಇಟ್ಟುಕೊಂಡು ಸರಳ ಲೆಕ್ಕ ಮಾಡಿದರೆ 6 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಮೂರು ಡೆಸಿಬೆಲ್‌ಗೂ ಮೀರಿದ ಉಬ್ಬು ಕಾಣುತ್ತದೆ, 15 ಕಿಲೋಹರ್ಟ್ಸ್‌ಗೆ ಹೋಗುವಷ್ಟರಲ್ಲಿ ಸಂಕೇತ ಮೂರನೇ ಒಂದಕ್ಕಿಂತ ಕೆಳಗಿಳಿದಿರುತ್ತದೆ. ನಿಜವಾದ ಕಾರ್ಟ್ರಿಜ್‌ನೊಳಗಿನ ಇತರ ನಷ್ಟಗಳು ಈ ಉಬ್ಬನ್ನು ಸ್ವಲ್ಪ ಮೊಂಡಾಗಿಸುತ್ತವೆ, ಆದರೆ ಆಕಾರ ಬದಲಾಗುವುದಿಲ್ಲ.

ಕಿವಿಗೆ ಇದು ಹೇಗೆ ಬರುತ್ತದೆ ಎಂಬುದೇ ಮೋಜಿನ ವಿಷಯ. ‘ಉದ್ದ ಕೇಬಲ್ ಹಾಕಿದರೆ ತಾರ ಸತ್ತುಹೋಗುತ್ತದೆ’ ಎಂದು ಕೇಳಿದವರು ಮಂಕಾದ ಸದ್ದನ್ನು ನಿರೀಕ್ಷಿಸುತ್ತಾರೆ. ಬರುವುದು ಮೊದಲಿಗೆ ಹೊಳಪೇ. ಗಾಯಕಿಯ ‘ಸ’, ‘ಶ’ಗಳು ಮೊನಚಾಗುತ್ತವೆ, ಪಿಟೀಲಿನ ಕಮಾನು ಗೀಚಿದಂತೆ ಕೇಳುತ್ತದೆ. ಒಂದಷ್ಟು ಹೊತ್ತಿನ ಮೇಲೆ ತಂಬೂರಿಯ ಜವಾರಿಯ ನವಿರು ಎಲ್ಲಿ ಹೋಯಿತು ಎಂದು ಹುಡುಕುವಂತಾಗುತ್ತದೆ. ಹಲವರು ಈ ಹಂತದಲ್ಲಿ ಸೂಜಿ ಸವೆದಿದೆ ಎಂದು ತೀರ್ಮಾನಿಸಿ ಹೊಸದು ಕೊಳ್ಳುತ್ತಾರೆ.

ಮೂವಿಂಗ್ ಕಾಯಿಲ್ ಕಾರ್ಟ್ರಿಜ್‌ಗಳಿಗೆ ಈ ಎರಡನೆಯ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ. ಅವುಗಳ ಸುರುಳಿ ಚಿಕ್ಕದು, ಇಂಡಕ್ಟೆನ್ಸ್ ಅತ್ಯಲ್ಪ. ಆದರೆ ಅವುಗಳ ಸಂಕೇತ ಹತ್ತು ಪಟ್ಟು ಕ್ಷೀಣವಾದ್ದರಿಂದ ಮೊದಲನೆಯ ತೊಂದರೆ ಹತ್ತು ಪಟ್ಟು ಕಾಡುತ್ತದೆ. ಒಂದರಿಂದ ಪಾರಾದರೆ ಇನ್ನೊಂದು ಕಾದಿರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಫೋನೋ ಪ್ರಿಆಂಪ್ ಅನ್ನು ಟರ್ನ್‌ಟೇಬಲ್ ಪಕ್ಕಕ್ಕೇ ತರಬೇಕು. ನಡುವೆ ಒಂದು ಮೀಟರ್ ಅಥವಾ ಅದಕ್ಕೂ ಗಿಡ್ಡ ಕೇಬಲ್. ಪ್ರಿಆಂಪ್‌ನಿಂದ ಆಚೆಗೆ ಎಂಟು ಮೀಟರ್ ಎಳೆಯಿರಿ, ಹತ್ತು ಎಳೆಯಿರಿ. ಪ್ರಿಆಂಪ್‌ನ ಹೊರಹರಿವಿನ ಪ್ರತಿರೋಧ 600 ಓಮ್ ಎಂದುಕೊಂಡರೂ, ಹತ್ತು ಮೀಟರ್ ಕೇಬಲ್‌ನ 1000 ಪಿಕೋಫ್ಯಾರಡ್ ಸೇರಿ ಇಳಿತ ಶುರುವಾಗುವುದು 265 ಕಿಲೋಹರ್ಟ್ಸ್‌ನಲ್ಲಿ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ಮುಗಿಯುತ್ತದೆ. ಬಾವಲಿಗಳೂ ದೂರು ಕೊಡಲಾರವು.

ಇದು ಹೊಸ ಉಪಾಯವೇನಲ್ಲ. ಯುರೋಪಿನ ಬಾನುಲಿ ನಿಲಯಗಳಲ್ಲಿ ದಶಕಗಳ ಕಾಲ ಮೆರೆದ ಜರ್ಮನಿಯ ಇಎಂಟಿ 930 ಟರ್ನ್‌ಟೇಬಲ್‌ನ ಹೊಟ್ಟೆಯೊಳಗೇ ಪ್ರಿಆಂಪ್ ಕೂರಿಸಿದ್ದರು; ಹೊರಗೆ ಬರುತ್ತಿದ್ದುದು ಸ್ಟುಡಿಯೋದ ಉದ್ದನೆಯ ತಂತಿಗಳಲ್ಲಿ ನಿರಾಳವಾಗಿ ಹೋಗಬಲ್ಲ ದೊಡ್ಡ ಸಂಕೇತ. ಡಿಜೆಗಳನ್ನು ನೋಡಿ: 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರ ವಂಶದ ಎರಡು ಟರ್ನ್‌ಟೇಬಲ್‌ಗಳು, ನಡುವೆ ಮಿಕ್ಸರ್. ಫೋನೋ ಪ್ರಿಆಂಪ್ ಆ ಮಿಕ್ಸರ್‌ನೊಳಗಿದೆ. ಅಲ್ಲಿಂದ ಆಂಪ್ಲಿಫೈಯರ್‌ಗಳಿಗೆ ಸಭಾಂಗಣದ ಉದ್ದಕ್ಕೂ ಕೇಬಲ್ ಹೋಗುತ್ತದೆ, ಯಾರಿಗೂ ಚಿಂತೆಯಿಲ್ಲ.

ಆ ಉದ್ದನೆಯ ಕೇಬಲ್‌ಗಳು ಸಾಮಾನ್ಯವಾಗಿ ಬ್ಯಾಲೆನ್ಸ್ಡ್ ಆಗಿರುತ್ತವೆ. ಅವುಗಳಲ್ಲಿ ಸಂಕೇತಕ್ಕೆ ಎರಡು ತಂತಿ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು. ದಾರಿಯಲ್ಲಿ ಸೇರಿಕೊಂಡ ಗುಂಗು ಎರಡರಲ್ಲೂ ಒಂದೇ ಥರ ಇರುವುದರಿಂದ, ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗುಂಗು ಅಳಿಸಿಹೋಗಿ ಸಂಗೀತ ಉಳಿಯುತ್ತದೆ. ನಿಮ್ಮ ಪ್ರಿಆಂಪ್ ಮತ್ತು ಆಂಪ್ಲಿಫೈಯರ್ ಎರಡರಲ್ಲೂ ಇಂಥ ಕೇಬಲ್‌ಗೆಂದೇ ಇರುವ ಮೂರು ಪಿನ್ನಿನ ದುಂಡು ಎಕ್ಸ್‌ಎಲ್‌ಆರ್ ಸಾಕೆಟ್ ಇದ್ದರೆ ಬಳಸಿ. ಇಲ್ಲದಿದ್ದರೆ ಮನೆಯ ಹತ್ತು ಮೀಟರಿಗೆ ಸಾಧಾರಣ ಆರ್‌ಸಿಎ ಕೇಬಲ್ ಸಾಕು.

ಇತ್ತೀಚಿನ ಹಲವು ಟರ್ನ್‌ಟೇಬಲ್‌ಗಳಲ್ಲಿ, ಉದಾಹರಣೆಗೆ ಆಡಿಯೋ-ಟೆಕ್ನಿಕಾದ ಎಲ್‌ಪಿ120ಎಕ್ಸ್‌ನಲ್ಲಿ, ಪ್ರಿಆಂಪ್ ಒಳಗೇ ಇದೆ; ಹಿಂಬದಿಯಲ್ಲಿ ‘ಫೋನೋ’, ‘ಲೈನ್’ ಎಂಬ ಒಂದು ಸಣ್ಣ ಸ್ವಿಚ್. ಉದ್ದ ಕೇಬಲ್ ಬೇಕಾದವರು ಅದನ್ನು ‘ಲೈನ್’ಗೆ ತಳ್ಳಿ, ಆಂಪ್ಲಿಫೈಯರ್‌ನ ‘ಆಕ್ಸ್’ ಅಥವಾ ‘ಲೈನ್’ ತೂತಿಗೆ ಕೇಬಲ್ ಚುಚ್ಚಬೇಕು. ‘ಲೈನ್’ನಲ್ಲಿಟ್ಟು ಆಂಪ್ಲಿಫೈಯರ್‌ನ ‘ಫೋನೋ’ಗೆ ಚುಚ್ಚಿದರೆ ಆರ್‌ಐಎಎ ತಿದ್ದುಪಡಿ ಎರಡು ಸಲ ನಡೆದು, ಒಡೆದ ಮಡಕೆ ಬಡಿದಂಥ ಕರ್ಕಶ ಗದ್ದಲ ಬರುತ್ತದೆ. ‘ಫೋನೋ’ದಲ್ಲಿಟ್ಟು ‘ಆಕ್ಸ್’ಗೆ ಚುಚ್ಚಿದರೆ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸೊಳ್ಳೆಯ ಸ್ವರ.

ಪ್ರಿಆಂಪ್ ಜಾಗ ಸರಿಪಡಿಸಿದ ಮೇಲೂ ಗುಂಗು ಉಳಿದರೆ ಅರ್ಥಿಂಗ್ ಕಡೆ ನೋಡಬೇಕು. ಟರ್ನ್‌ಟೇಬಲ್‌ನಿಂದ ಹೊರಡುವ ಮೂರನೆಯ ತೆಳು ತಂತಿ, ತುದಿಯಲ್ಲಿ ಕವೆಯಂಥ ಲೋಹದ ತುಂಡು ಇರುವುದು, ಟೋನ್‌ಆರ್ಮ್‌ನ ಲೋಹವನ್ನು ಪ್ರಿಆಂಪ್‌ನ ಅರ್ಥ್ ತಿರುಪಿಗೆ ಜೋಡಿಸಲೆಂದು ಇರುತ್ತದೆ. ಪ್ರಿಆಂಪ್ ಪಕ್ಕದಲ್ಲೇ ಇದ್ದರೆ ಈ ತಂತಿಯೂ ಗಿಡ್ಡದಾಗಿಯೇ ಮುಗಿಯುತ್ತದೆ, ಅದನ್ನು ಕೋಣೆಯುದ್ದಕ್ಕೂ ಎಳೆಯುವ ಗೋಜಿಲ್ಲ. ಪರೀಕ್ಷೆ ಸುಲಭ: ಸೂಜಿ ಎತ್ತಿಟ್ಟು, ವಾಲ್ಯೂಮ್ ಅನ್ನು ದಿನವೂ ಕೇಳುವ ಮಟ್ಟಕ್ಕೆ ತಂದು, ಟೋನ್‌ಆರ್ಮ್‌ನ ಲೋಹವನ್ನು ಬೆರಳಿನಿಂದ ಮುಟ್ಟಿ. ಗುಂಗು ಹೆಚ್ಚಾದರೆ ಅಥವಾ ಕಡಿಮೆಯಾದರೆ ಈ ತಂತಿಯ ಸಂಪರ್ಕ ಸಡಿಲವಾಗಿದೆ. ಮುಟ್ಟಿದರೂ ಬದಲಾಗದೆ, ಉದ್ದನೆಯ ಕೇಬಲ್ ಅನ್ನು ಪ್ರಿಆಂಪ್‌ನ ತುದಿಯಿಂದ ಕಿತ್ತಾಗ ಮಾತ್ರ ನಿಂತರೆ ಅದು ಬಹುತೇಕ ಗ್ರೌಂಡ್ ಲೂಪ್.

ಉದ್ದ ಕೇಬಲ್ ಹಾಕಿದವರಿಗೆ ಈ ಗ್ರೌಂಡ್ ಲೂಪ್ ಬೇಡದ ಉಡುಗೊರೆ. ಪ್ರಿಆಂಪ್ ಒಂದು ಮೂಲೆಯ ಮೂರು ಪಿನ್ ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಮೂಲೆಯದರಲ್ಲಿ. ಎರಡರ ಅರ್ಥ್ ಗೋಡೆಯೊಳಗೆ ಒಂದು ದಾರಿಯಲ್ಲಿ ಸೇರುತ್ತದೆ, ಕೇಬಲ್‌ನ ಹೆಣಿಗೆಯ ಮೂಲಕ ಇನ್ನೊಂದು ದಾರಿಯಲ್ಲಿ. ಹೀಗೆ ಆದ ದೊಡ್ಡ ಬಳೆಯಲ್ಲಿ ಸಣ್ಣ ವಿದ್ಯುತ್ ಸುತ್ತತೊಡಗುತ್ತದೆ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಗುಂಗು ಹೋಯಿತೆಂದು ಹಿಗ್ಗುತ್ತಾರೆ. ಅದು ಜೀವಕ್ಕೆ ಎರವಾಗುವ ಕೆಲಸ, ಮಾಡಲೇಬಾರದು. ಎರಡೂ ಉಪಕರಣಗಳಿಗೆ ಒಂದೇ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಮೂಲಕ ಕರೆಂಟು ಕೊಟ್ಟರೆ ಹಲವು ಸಲ ಸಾಕಾಗುತ್ತದೆ. ಎರಡು ಪಿನ್ನಿನ ಅಡಾಪ್ಟರ್‌ನಿಂದ ನಡೆಯುವ ಪ್ರಿಆಂಪ್ ಆದರೆ ಈ ಲೂಪ್ ಸಾಮಾನ್ಯವಾಗಿ ಹುಟ್ಟುವುದೇ ಇಲ್ಲ. ಕೊನೆಯ ಅಸ್ತ್ರ, ಸಂಕೇತವನ್ನು ದಾಟಿಸಿ ಅರ್ಥ್‌ನ ಕೊಂಡಿಯನ್ನು ಕಡಿಯುವ ಲೈನ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್; ಅದನ್ನು ಪ್ರಿಆಂಪ್‌ನ ಆಚೆಗೆ, ಆಂಪ್ಲಿಫೈಯರ್‌ನ ಬಾಯಿಗೆ ಹಾಕಬೇಕು.

ಕೇಬಲ್ ಎಳೆಯುವ ದಾರಿಯ ಬಗ್ಗೆ ಒಂದು ಮಾತು. ತಾಮ್ರದ ಹೆಣಿಗೆ ರೇಡಿಯೋ ತರಂಗಗಳನ್ನು ತಡೆಯುತ್ತದೆ, 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಅದಕ್ಕೆ ದೂರವೇ ಮದ್ದು. ಕರೆಂಟಿನ ವೈರಿನ ಪಕ್ಕದಲ್ಲಿ ಉದ್ದುದ್ದಕ್ಕೆ ಎಳೆಯದೆ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಮನೆ ಕಟ್ಟುವಾಗ ಎಲೆಕ್ಟ್ರಿಷಿಯನ್ ‘ಇದೇ ಪೈಪಿನಲ್ಲಿ ಹಾಕಿಬಿಡುತ್ತೇನೆ’ ಎಂದರೆ ಒಪ್ಪಬೇಡಿ. ಬೇರೆ ಪೈಪ್ ಹಾಕಿಸಿ. ಅದು ಸದ್ದಿನ ಪ್ರಶ್ನೆಯಷ್ಟೇ ಸುರಕ್ಷತೆಯ ಪ್ರಶ್ನೆ ಕೂಡ.

ಇನ್ನೊಂದು ದಾರಿಯೂ ಇದೆ, ಬಹಳ ಮಂದಿ ಅದನ್ನು ಮರೆತೇಬಿಡುತ್ತಾರೆ. ಆಂಪ್ಲಿಫೈಯರ್ ಅನ್ನೇ ಟರ್ನ್‌ಟೇಬಲ್ ಇರುವ ಮೂಲೆಗೆ ಒಯ್ದು, ಸ್ಪೀಕರ್ ವೈರುಗಳನ್ನು ಉದ್ದ ಮಾಡುವುದು. ಸ್ಪೀಕರ್ ವೈರಿಗೆ ಗುಂಗಿನ ಭಯವಿಲ್ಲ, ಕೆಪ್ಯಾಸಿಟೆನ್ಸ್ ಲೆಕ್ಕಕ್ಕಿಲ್ಲ. ಪ್ರತಿರೋಧವೊಂದನ್ನು ನೋಡಿಕೊಂಡರೆ ಆಯಿತು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರ್ ತಾಮ್ರದ ವೈರನ್ನು ಹತ್ತು ಮೀಟರ್ ದೂರಕ್ಕೆ ಎಳೆದರೆ, ಹೋಗಿಬರುವ ಇಪ್ಪತ್ತು ಮೀಟರಿನ ಪ್ರತಿರೋಧ 0.14 ಓಮ್. ಎಂಟು ಓಮ್ ಸ್ಪೀಕರ್‌ಗೆ ಇದು ಗಣನೆಗೆ ಬರುವಂಥದ್ದಲ್ಲ. 1.5 ಚದರ ಮಿಲಿಮೀಟರ್ ಆದರೂ 0.23 ಓಮ್, ನಡೆಯುತ್ತದೆ. ಆಂಪ್ಲಿಫೈಯರ್ ಅನ್ನು ಟರ್ನ್‌ಟೇಬಲ್‌ಗೆ ಅಂಟಿಸಿ ಇಡದೆ, ನಡುವೆ ಅರ್ಧ ಮೀಟರಾದರೂ ಬಿಟ್ಟರೆ ಟ್ರಾನ್ಸ್‌ಫಾರ್ಮರ್‌ನ ಕಾಟವೂ ತಪ್ಪುತ್ತದೆ.

‘ನಮ್ಮ ಕಾಲದಲ್ಲಿ ರೆಕಾರ್ಡ್ ಪ್ಲೇಯರ್‌ನಿಂದ ರೇಡಿಯೋಗೆ ಉದ್ದ ವೈರು ಎಳೆದು ಕೇಳುತ್ತಿದ್ದೆವು, ಏನೂ ಆಗುತ್ತಿರಲಿಲ್ಲ’ ಎಂದು ಹಿರಿಯರು ಹೇಳಿದರೆ ಅದು ಸುಳ್ಳಲ್ಲ. ಹಳೆಯ ವಾಲ್ವ್ ರೇಡಿಯೋಗಳ ಬೆನ್ನಿನಲ್ಲಿ ಗ್ರಾಮಫೋನ್ ಪಿಕಪ್‌ಗೆಂದು ಒಂದು ಸಾಕೆಟ್ ಇರುತ್ತಿತ್ತು. ಅದಕ್ಕೆ ಸೇರಿಸುತ್ತಿದ್ದ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್‌ನವು, ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳಿನವು. ಅವು ಮಿಲಿವೋಲ್ಟ್‌ಗಳನ್ನು ನೂರರ ಲೆಕ್ಕದಲ್ಲಿ ಕೊಡುತ್ತಿದ್ದವು, ಆರ್‌ಐಎಎ ತಿದ್ದುಪಡಿಯೂ ಹೆಚ್ಚುಕಡಿಮೆ ಹರಳಿನ ಸ್ವಭಾವದಲ್ಲೇ ಆಗಿಬಿಡುತ್ತಿತ್ತು. ಹರಳೇ ಒಂದು ಕೆಪ್ಯಾಸಿಟರ್ ಆದ್ದರಿಂದ ಕೇಬಲ್‌ನ ಕೆಪ್ಯಾಸಿಟೆನ್ಸ್ ಸೇರಿದರೆ ಒಟ್ಟು ಸದ್ದು ತುಸು ತಗ್ಗುತ್ತಿತ್ತು, ಅಷ್ಟೇ; ತಾರಕ್ಕೆ ಪ್ರತ್ಯೇಕ ಪೆಟ್ಟಿಲ್ಲ.

ಅಟ್ಟದಿಂದ ಅಂಥದ್ದೊಂದನ್ನು ಇಳಿಸಿ ಇಂದಿನ ಆಂಪ್ಲಿಫೈಯರ್‌ಗೆ ಜೋಡಿಸುವ ಮನಸ್ಸಿದ್ದರೆ ‘ಫೋನೋ’ ತೂತಿನ ತಂಟೆಗೆ ಹೋಗಬೇಡಿ, ಅಷ್ಟು ದೊಡ್ಡ ಸಂಕೇತಕ್ಕೆ ಅದು ಒಡೆದು ಅರಚುತ್ತದೆ. ‘ಆಕ್ಸ್’ಗೆ ಚುಚ್ಚಿದರೆ ಮಂದ್ರ ಮಾಯವಾಗಿ ತಗಡಿನ ಸದ್ದು ಬರುತ್ತದೆ, ಏಕೆಂದರೆ ಹರಳಿಗೆ 1 ಮೆಗಾಓಮ್‌ನಷ್ಟು ಹಗುರ ಲೋಡ್ ಬೇಕು, ‘ಆಕ್ಸ್’ನಲ್ಲಿರುವುದು ಕೆಲವು ಹತ್ತು ಕಿಲೋಓಮ್. ಅಷ್ಟು ದೊಡ್ಡ ಒಳಹರಿವಿನ ಪ್ರತಿರೋಧವಿರುವ ಒಂದು ಎಫ್‌ಇಟಿ ಬಫರ್ ಅನ್ನು (ಒಂದು ಬಗೆಯ ಟ್ರಾನ್ಸಿಸ್ಟರಿನ ಸಣ್ಣ ಸರ್ಕ್ಯೂಟ್) ಪ್ಲೇಯರ್‌ನೊಳಗೇ ಕೂರಿಸುವುದು ಎಲೆಕ್ಟ್ರಾನಿಕ್ಸ್ ಬಲ್ಲವರಿಗೆ ಒಂದು ಸಂಜೆಯ ಕೆಲಸ. ಪ್ಲೇಯರ್ ಸದ್ದೇ ಮಾಡದಿದ್ದರೆ ವೈರು ಬದಲಿಸುವ ಮುನ್ನ ಕಾರ್ಟ್ರಿಜ್ ನೋಡಿ. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್‌ಗಳಲ್ಲಿ ಬಳಸುತ್ತಿದ್ದ ರೋಷೆಲ್ ಲವಣ ತೇವಕ್ಕೆ ಹಾಳಾಗುವ ವಸ್ತು. ಕರಾವಳಿಯ ಮಳೆಗಾಲಗಳನ್ನು ಕಂಡ ಮನೆಯಲ್ಲಿ ಅದು ಎಂದೋ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಆ ಜಾಗಕ್ಕೆ ಹೊಂದುವ ಸೆರಾಮಿಕ್ ಕಾರ್ಟ್ರಿಜ್‌ಗಳು ಈಗಲೂ ತಯಾರಾಗುತ್ತಿವೆ, ಬೆಲೆಯೂ ದುಬಾರಿಯೇನಲ್ಲ.